ಕೆರೆಯ ಈಜು, ಕಿವಿಯ ಸೋರು

ಬೇಸಿಗೆ ರಜೆ ಬಂತೆಂದರೆ ಶಿಕಾರಿಪುರ, ಸೊರಬ ಕಡೆಯ ಹುಡುಗರಿಗೆ ಕೆರೆಯೇ ಆಟದ ಬಯಲು. ಅಂಬ್ಲಿಗೊಳದ ಜಲಾಶಯ ಈಚಿನದು. ಆದರೆ ಈ ಸೀಮೆಯಲ್ಲಿ ನೀರು ಕಟ್ಟಿ ನಿಲ್ಲಿಸುವ ಕೆಲಸ ಬಹಳ ಹಳೆಯದು. ಕದಂಬರ ದೊರೆ ಕಾಕುತ್ಸ್ಥವರ್ಮ 5ನೇ ಶತಮಾನದಲ್ಲಿ ಕೆರೆಯೊಂದನ್ನು ತೋಡಿಸಿದ ವಿಷಯವನ್ನು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನ ಹೇಳುತ್ತದೆ. ಕೆರೆ ಇದ್ದಲ್ಲಿ ಈಜು, ಈಜು ಇದ್ದಲ್ಲಿ ಕಿವಿನೋವು. ನಾಲ್ಕು ದಿನ ನೀರಿಗೆ ಬಿದ್ದ ಹುಡುಗ ಐದನೆಯ ದಿನ ಕಿವಿ ಹಿಡಿದು ಕೂರುತ್ತಾನೆ. ಮನೆಯವರು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುತ್ತಾರೆ.

ಈ ಎಣ್ಣೆಯ ಹಿಂದೆ ದೊಡ್ಡ ಪರಂಪರೆ ಇದೆ ಎಂಬುದು ನಿಜ. ಆದರೆ ಪರಂಪರೆ ಹೇಳಿದ್ದು ಎಣ್ಣೆಯನ್ನು ಮಾತ್ರವೇ?

ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಕಿವಿಯ 28 ರೋಗಗಳ ಲೆಕ್ಕ ಸಿಗುತ್ತದೆ. ಅವುಗಳಲ್ಲಿ 'ಕರ್ಣಸ್ರಾವ', ಅಂದರೆ ಕಿವಿ ಸೋರುವುದು, ಒಂದು. ಇದಕ್ಕೆ ಅಲ್ಲಿ ಕೊಟ್ಟಿರುವ ಕಾರಣಗಳು ಮೂರು: ತಲೆಗೆ ಪೆಟ್ಟು, ಒಳಗೆ ಹುಣ್ಣು ಪಕ್ವವಾಗುವುದು, ಮತ್ತು ನೀರಿನಲ್ಲಿ ಮುಳುಗುವುದು. ಈಜಿಗೂ ಕಿವಿಯ ಸೋರಿಗೂ ಇರುವ ನಂಟನ್ನು ಅಷ್ಟು ಹಿಂದೆಯೇ ಗುರುತಿಸಿದ್ದರು. ಚಿಕಿತ್ಸೆಯಲ್ಲಿ ಕಿವಿಗೆ ಔಷಧಿ ತುಂಬುವ 'ಪೂರಣ' ಇದೆ. ಅದರ ಜೊತೆಗೇ ಒರೆಸುವುದು, ತೊಳೆಯುವುದು, ಹೊಗೆ ಕೊಡುವುದು ಕೂಡ ಇವೆ. ನಮ್ಮ ಮನೆಗಳು ಒರೆಸುವುದನ್ನು ಬಿಟ್ಟು ತುಂಬುವುದನ್ನು ಮಾತ್ರ ಉಳಿಸಿಕೊಂಡವು!

ಶಾಸ್ತ್ರ ಪುಸ್ತಕದಲ್ಲೇ ಉಳಿದಿರಲಿಲ್ಲ. ಇದೇ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕಾಳಾಮುಖರ ಕೋಡಿಯ ಮಠವಿತ್ತು. 1162ರ ಶಾಸನವೊಂದು ಅದನ್ನು ವಿದ್ಯಾಸ್ಥಾನವೆಂದು ಹೊಗಳುವುದರ ಜೊತೆಗೆ, ಕುರುಡರು ಕಿವುಡರಾದಿಯಾಗಿ ದಿಕ್ಕಿಲ್ಲದವರಿಗೆ ಅನ್ನ ಸಿಗುವ ಜಾಗ, ಅನಾಥ ರೋಗಿಗಳಿಗೆ ಚಿಕಿತ್ಸೆ ನಡೆಯುವ ಜಾಗ ಎಂದೂ ಬಣ್ಣಿಸುತ್ತದೆ. ಬಿ.ಎಲ್. ರೈಸ್ ಇದನ್ನು 'ಎಪಿಗ್ರಾಫಿಯಾ ಕರ್ನಾಟಿಕ'ದ ಏಳನೆಯ ಸಂಪುಟದಲ್ಲಿ ಪ್ರಕಟಿಸಿದ್ದಾರೆ. ಕೇದಾರೇಶ್ವರ ಗುಡಿಯ ಶಿಲ್ಪ ನೋಡಿ ಮರಳುವ ಪ್ರವಾಸಿಗರಲ್ಲಿ ಎಷ್ಟು ಮಂದಿಗೆ ಈ ಆಸ್ಪತ್ರೆಯ ಸಂಗತಿ ಗೊತ್ತಿದೆಯೋ!

ಆಧುನಿಕ ವೈದ್ಯಕ್ಕೂ ಈ ನೋವು ಬೇಗ ಬಗೆಹರಿಯಲಿಲ್ಲ. ಬಹುಕಾಲ ಶಿಲೀಂಧ್ರವೇ ಅಪರಾಧಿ ಎಂಬ ನಂಬಿಕೆಯಿತ್ತು. ಎರಡನೇ ಮಹಾಯುದ್ಧದಲ್ಲಿ ಸೆಕೆನಾಡುಗಳಿಗೆ ಬಂದ ಸೈನಿಕರ ಕಿವಿಗಳು ಸಾಲುಸಾಲಾಗಿ ಬಾತವು. 'ಸಿಂಗಪುರ ಕಿವಿ' ಎಂಬ ಹೆಸರೇ ಬಿತ್ತು. ಆ ವರ್ಷಗಳ ಅಧ್ಯಯನಗಳು ಬೊಟ್ಟು ಮಾಡಿದ್ದು ನೀರಿನಲ್ಲಿ ಬದುಕುವ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾದ ಕಡೆಗೆ. ಶಿಲೀಂಧ್ರದ ಪಾಲು ಇದ್ದರೂ ಚಿಕ್ಕದು.

ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ನಾವು ಕೊಳಕೆಂದು ಕೆದಕಿ ತೆಗೆಯುವ ಗುಗ್ಗೆಯೇ ಅದರ ಕಾವಲು. ಅದಕ್ಕೆ ತುಸು ಆಮ್ಲಗುಣವಿದ್ದು ಸೂಕ್ಷ್ಮಜೀವಿಗಳನ್ನು ಬೆಳೆಯಗೊಡುವುದಿಲ್ಲ. ಗಂಟೆಗಟ್ಟಲೆ ಈಜಿದರೆ ನೀರು ಒಳಗೆ ನಿಂತು ಚರ್ಮ ನೆನೆದು ಮೆತ್ತಗಾಗುತ್ತದೆ. ಆಮೇಲೆ ತುರಿಕೆ. ತುರಿಕೆಗೆ ಬೆಂಕಿಕಡ್ಡಿ, ಹೇರ್‌ಪಿನ್. ಗೀರಿದ ಚರ್ಮದೊಳಗೆ ಬ್ಯಾಕ್ಟೀರಿಯಾ ಹೊಕ್ಕು ಕಿವಿ ಬಾತು ಸೋರತೊಡಗುತ್ತದೆ.

ಕಿವಿಯ ಹಾಲೆ ಎಳೆದಾಗ ನೋವು ಹೆಚ್ಚಾದರೆ ತೊಂದರೆ ಸಾಮಾನ್ಯವಾಗಿ ಹೊರಗಿವಿಯದು. ನೆಗಡಿಯ ಹಿಂದೆ ಬರುವ ನಡುಗಿವಿಯ ಸೋಂಕು ಬೇರೆ. ಅದರಲ್ಲಿ ತಮಟೆ ತೂತಾಗಿ ಕೀವು ಹೊರಬರುವುದೂ ಉಂಟು. ಎಣ್ಣೆಯ ಅಪಾಯ ಇರುವುದು ಇಲ್ಲಿಯೇ. ಯಾವ ಕಿವಿ ಎಂದು ತಿಳಿಯದೆ ಬಿಟ್ಟ ಎಣ್ಣೆ ತೂತಿನ ಮೂಲಕ ಒಳಗಿಳಿಯಬಹುದು. ಬಾತ ನಾಳದಲ್ಲಿ ನಿಂತು ಕಸ ಹಿಡಿಯಬಹುದು.

ವೈದ್ಯರು ಮೊದಲು ನಾಳವನ್ನು ಶುಚಿ ಮಾಡಿ ನಂತರ ಹನಿ ಔಷಧಿ ಬರೆಯುತ್ತಾರೆ. ಏಳರಿಂದ ಹತ್ತು ದಿನ ಕಿವಿಗೆ ನೀರು ತಾಗಬಾರದು. ಸ್ನಾನಕ್ಕೆ ವ್ಯಾಸಲೀನ್ ಸವರಿದ ಹತ್ತಿ ಸಾಕು. ಗುಣವಾಗಿ ಮತ್ತೆ ಈಜಿದ ದಿನ ತಲೆಯನ್ನು ಎರಡೂ ಕಡೆ ವಾಲಿಸಿ ನೀರು ಬಸಿದು, ಹೊರಗಿವಿಯನ್ನು ಟವೆಲಿನಿಂದ ಒರೆಸಿಕೊಳ್ಳಬೇಕು. ಸಕ್ಕರೆ ಕಾಯಿಲೆಯ ಹಿರಿಯರು ಮಾತ್ರ ಒಂದು ದಿನವೂ ಕಾಯುವಂತಿಲ್ಲ. ಅವರಲ್ಲಿ ಇದೇ ಸೋಂಕು ತಲೆಬುರುಡೆಯ ಮೂಳೆಗೆ ಇಳಿದು ಪ್ರಾಣಕ್ಕೇ ಎರವಾದ ಉದಾಹರಣೆಗಳಿವೆ.