ಆಫ್-ರೋಡ್ ವಾಹನಕ್ಕೆ ಮನೆಯಲ್ಲೇ ಮಾರ್ಪಾಡು

ಕಲ್ಲುದಾರಿ, ಕೆಸರಿನಲ್ಲಿ ಓಡಿಸಲೆಂದು ಗಾಡಿಗೆ ಹೊರಗಿನ ಬಿಡಿಭಾಗಗಳನ್ನು ಸ್ವತಃ ಜೋಡಿಸಿಕೊಳ್ಳುವ ಕೆಲಸ. ರೋಲ್ ಕೇಜ್ (ಗಾಡಿ ಮಗುಚಿದರೆ ಕಾಯುವ ಕೊಳವೆ ಚೌಕಟ್ಟು) ಇರುವ, ಅಕ್ಕಪಕ್ಕ ಕೂರುವ ಸೈಡ್-ಬೈ-ಸೈಡ್ ಗಾಡಿಗಳನ್ನು ಪೊಲಾರಿಸ್ ಕಂಪನಿ 2011ರಲ್ಲಿ ಭಾರತಕ್ಕೆ ತಂದಿತು. ಅವು ತೋಟ, ಟ್ರ್ಯಾಕುಗಳಿಗೆ ಸೀಮಿತ. ಹಾಗಾಗಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಬಂಡೆಗುಡ್ಡದ ಸೀಮೆಗೆ ಜೀಪು, ಥಾರ್‌ಗಳೇ ಒಗ್ಗುವ ಗಾಡಿಗಳು.

ದೊಡ್ಡ ಟೈರು, ಗಾಡಿಯನ್ನು ಎತ್ತರಿಸುವ ಲಿಫ್ಟ್ ಕಿಟ್‌ಗಳಿಗಿಂತ ಮೊದಲು ಬೇಕಾದದ್ದು ವಿಂಚ್, ಅಂದರೆ ಸಿಕ್ಕಿಬಿದ್ದ ಗಾಡಿಯನ್ನು ಹಗ್ಗ ಸುತ್ತಿ ಎಳೆದು ತೆಗೆಯುವ ಮೋಟರು ಯಂತ್ರ. ಅದರ ಎಳೆಯುವ ಶಕ್ತಿ ಗಾಡಿಯ ಒಟ್ಟು ತೂಕದ ಒಂದೂವರೆ ಪಟ್ಟು ಇರಬೇಕು. ಅದನ್ನು ಬಂಪರಿಗಲ್ಲ, ಚಾಸಿಗೆ ಬಿಗಿದ ಉಕ್ಕಿನ ತಟ್ಟೆಯ ಮೇಲೆ ಕೂರಿಸಬೇಕು. ಪೂರ್ತಿ ಹೊರೆ ಬಿದ್ದಾಗ ಮೋಟರು ಸುಮಾರು 400 ಆಂಪಿಯರ್ ಎಳೆಯಬಲ್ಲದು. ತೆಳು ವೈರು ಹಾಕಿದರೆ ಬೆಂಕಿಯೇ ಗತಿ. ಕೆಲಸಕ್ಕೆ ಮುನ್ನ ಬ್ಯಾಟರಿಯ ನೆಗೆಟಿವ್ ತುದಿಯನ್ನು ಮೊದಲು ಬಿಚ್ಚಿ, ಕೊನೆಗೆ ಜೋಡಿಸಬೇಕು. ಆಗ ಸ್ಪ್ಯಾನರ್ ಬಾಡಿಗೆ ತಗುಲಿದರೂ ಕಿಡಿ ಹಾರದು. ಮೊದಲ ಒರಟು ಓಟದ ನಂತರ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೆ ಬಿಗಿಯಲೇಬೇಕು. ಎಳೆಯುವಾಗ ವಿಂಚಿನ ಉಕ್ಕಿನ ಹಗ್ಗ ಡ್ರಮ್ಮಿನ ಮೇಲೆ ಕನಿಷ್ಠ 5 ಸುತ್ತು ಉಳಿದಿರಬೇಕು, ಹತ್ತಿರ ಯಾರೂ ನಿಲ್ಲಬಾರದು.

ರಸ್ತೆಗಿಳಿಯುವ ಗಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅನ್ವಯಿಸುತ್ತದೆ. ತಯಾರಕರು ನೀಡಿದ ಮೂಲ ವಿವರಗಳನ್ನು ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಅದೇ ವರ್ಷದ ತಿದ್ದುಪಡಿ ಪ್ರಕಾರ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ, ಅಥವಾ ಎರಡೂ ವಿಧಿಸಬಹುದು. ರಾಮನಗರದ ರಾಮದೇವರಬೆಟ್ಟ 2012ರಿಂದ ರಣಹದ್ದು ಧಾಮ; ಅಲ್ಲಾಗಲಿ, ಕನಕಪುರ ಕಡೆಯ ಕಾವೇರಿ ವನ್ಯಧಾಮದಲ್ಲಾಗಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಡಿನೊಳಗೆ ಗಾಡಿ ನುಗ್ಗಿಸುವುದು ಅಪರಾಧ.