ಅರ್ಧ ಗಂಟೆಯ ಆಟಕ್ಕೊಂದು ಕಾನೂನು

ಊರಿನ ಕನ್ನಡ ಶಾಲೆಯಲ್ಲಿ ಓದಿದ ನಮಗೆಲ್ಲ ಬಿಡುವು ಎಂಬುದು ಗಂಟೆಯ ಸದ್ದಿನೊಂದಿಗೆ ತಾನಾಗಿ ಬರುತ್ತಿದ್ದ ಸಂಗತಿ. ಬೆಳಿಗ್ಗೆ ಒಂದಕ್ಕೆ ಬಿಡುತ್ತಿದ್ದರು, ಮಧ್ಯಾಹ್ನ ಊಟಕ್ಕೆ ಬಿಡುತ್ತಿದ್ದರು, ಸಂಜೆ ಆಟದ ಪೀರಿಯಡ್ ಇರುತ್ತಿತ್ತು. ಲಗೋರಿಯೋ ಕುಂಟೆಬಿಲ್ಲೆಯೋ ಕಬಡ್ಡಿಯೋ, ಯಾವುದಕ್ಕೂ ಯಾರೂ ಅರ್ಜಿ ಹಾಕಬೇಕಾಗಿರಲಿಲ್ಲ. ಹಾಗಾಗಿ ಅಮೆರಿಕದ ಸಿಯಾಟಲ್‌ನಂಥ ಸಿರಿವಂತ ಊರಿನಲ್ಲಿ, ಸಣ್ಣ ಮಕ್ಕಳಿಗೆ ದಿನಕ್ಕೆ ಅರ್ಧ ಗಂಟೆ ಆಡಲು ಬಿಡಿ ಎಂದು ತಂದೆತಾಯಿಗಳು ವರ್ಷಗಟ್ಟಲೆ ಕೇಳಬೇಕಾಯಿತು ಎಂದರೆ ಮೊದಲಿಗೆ ನಂಬಿಕೆ ಬರುವುದಿಲ್ಲ. ಆದರೆ ನಡೆದದ್ದು ನಿಜ. ಆ ಹೋರಾಟದ ಇತಿಹಾಸ ಬಿಸಿಲ ನಾಡಿನಲ್ಲಿ ದುಡಿಯುವ ನಮಗೂ ಸಂಬಂಧಪಟ್ಟಿದೆ ಎಂಬ ಕಾರಣಕ್ಕೆ ಇಲ್ಲಿ ಅದನ್ನು ಹೇಳುತ್ತಿದ್ದೇವೆ.

ಸಿಯಾಟಲ್ ಇರುವುದು ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದಲ್ಲಿ. ಬೋಯಿಂಗ್ ವಿಮಾನ ಕಂಪನಿ ಹುಟ್ಟಿದ ಊರು ಅದು. ಅಮೆಜಾನ್‌ನ ಮುಖ್ಯ ಕಚೇರಿ ಅಲ್ಲಿದೆ, ಮೈಕ್ರೋಸಾಫ್ಟ್‌ನದು ಪಕ್ಕದ ರೆಡ್‌ಮಂಡ್‌ನಲ್ಲಿದೆ. ನಮ್ಮ ಬೆಂಗಳೂರು, ಮೈಸೂರು, ಮಂಗಳೂರು ಕಡೆಯ ಅನೇಕ ಕುಟುಂಬಗಳು ಸಾಫ್ಟ್‌ವೇರ್ ಕೆಲಸಕ್ಕೆಂದು ಹೋಗಿ ಆ ಸುತ್ತಿನ ಊರುಗಳಲ್ಲಿ ನೆಲೆಸಿವೆ. ಅಲ್ಲಿ ಹೆಚ್ಚಿನ ಮಕ್ಕಳು ಓದುವುದು ಫೀಸಿಲ್ಲದ ಸರ್ಕಾರಿ ಶಾಲೆಗಳಲ್ಲೇ. ಶಾಲೆಗಳನ್ನು ನಡೆಸುವುದು ಆಯಾ ಪ್ರದೇಶದ ಶಾಲಾ ಮಂಡಳಿ. ಪಾಠ ಎಷ್ಟು ಹೊತ್ತು, ಪರೀಕ್ಷೆ ಯಾವಾಗ ಎಂಬುದಕ್ಕೆಲ್ಲ ನಿಯಮಗಳಿದ್ದವು. ಆಟದ ಬಿಡುವು ಎಷ್ಟು ನಿಮಿಷ ಎಂಬುದು ಮಾತ್ರ ಬಹುಮಟ್ಟಿಗೆ ಆಯಾ ಶಾಲೆಯ ಮುಖ್ಯಸ್ಥರ ಮರ್ಜಿಗೆ ಬಿಟ್ಟದ್ದಾಗಿತ್ತು. ತೊಂದರೆ ಶುರುವಾದದ್ದು ಅಲ್ಲಿಂದಲೇ.

ಬಿಡುವು ಕಡಿಮೆಯಾಗಲು ಕಾರಣ ಪರೀಕ್ಷೆ. 1990ರ ದಶಕದಲ್ಲೇ ಅಮೆರಿಕದ ಕೆಲವು ನಗರಗಳಲ್ಲಿ ಆಟ ಎಂದರೆ ಹೊತ್ತು ಹಾಳು ಎಂಬ ಯೋಚನೆ ಬಲವಾಗಿತ್ತು. ಅಟ್ಲಾಂಟಾ ನಗರದ ಶಾಲೆಗಳಲ್ಲಿ ಬಿಡುವನ್ನೇ ತೆಗೆದುಹಾಕಿ, ಆಟದ ಮೈದಾನವಿಲ್ಲದ ಹೊಸ ಶಾಲೆಯನ್ನೂ ಕಟ್ಟಿದ್ದು 1998ರಲ್ಲಿ ದೇಶದಾದ್ಯಂತ ಸುದ್ದಿಯಾಯಿತು. ಶಿಕಾಗೋದ ಅನೇಕ ಸರ್ಕಾರಿ ಶಾಲೆಗಳಲ್ಲಿ ದಶಕಗಳ ಕಾಲ ದಿನನಿತ್ಯದ ಬಿಡುವು ಇರಲೇ ಇಲ್ಲ. ಅಲ್ಲಿ ಅದು ಎಲ್ಲ ಶಾಲೆಗಳಿಗೂ ಮರಳಿದ್ದು 2012ರಲ್ಲಿ. ಎಂಟು ಗಂಟೆಯ ದುಡಿಮೆ ಸಾಕು ಎಂದು 1886ರಲ್ಲಿ ಕಾರ್ಮಿಕರು ಬೀದಿಗಿಳಿದ ಶಿಕಾಗೋ ಇದೇ. ಮೇ ದಿನದ ಮೂಲವೂ ಅಲ್ಲೇ. ದೊಡ್ಡವರ ವಿಶ್ರಾಂತಿಗೆ ಹೋರಾಡಿದ ಊರಿನಲ್ಲೇ ಮಕ್ಕಳ ಬಿಡುವು ಸದ್ದಿಲ್ಲದೆ ಮಾಯವಾಗಿತ್ತು.

2002ರ ಜನವರಿಯಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಸಹಿ ಹಾಕಿದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾನೂನು ಈ ಒತ್ತಡವನ್ನು ಇಡೀ ದೇಶಕ್ಕೆ ಹರಡಿತು. ಮೂರನೆಯ ತರಗತಿಯಿಂದ ಎಂಟನೆಯ ತರಗತಿಯವರೆಗೆ ಪ್ರತಿ ವರ್ಷ ಓದು ಮತ್ತು ಗಣಿತದಲ್ಲಿ ಪರೀಕ್ಷೆ ಕಡ್ಡಾಯವಾಯಿತು. ಗುರಿ ಮುಟ್ಟದ ಶಾಲೆಗಳ ಮೇಲೆ ಕ್ರಮ, ಹಲವು ವರ್ಷ ಹಾಗೇ ಆದರೆ ಸಿಬ್ಬಂದಿಯನ್ನೇ ಬದಲಿಸುವ ಅವಕಾಶ. ಹಿಂದುಳಿದ ಮಕ್ಕಳನ್ನು ಮೇಲೆತ್ತುವುದು ಕಾನೂನಿನ ಉದ್ದೇಶ. ಆದರೆ ಅಂಕ ಕಡಿಮೆ ಬರುತ್ತಿದ್ದ ಶಾಲೆಗಳು ಹೆಚ್ಚಾಗಿ ಬಡವರ ಬಡಾವಣೆಗಳಲ್ಲಿದ್ದವು. ಆ ಶಾಲೆಗಳ ಮುಖ್ಯಸ್ಥರಿಗೆ ಪಾಠದ ಹೊತ್ತು ಹೆಚ್ಚಿಸಲು ಕೈಗೆ ಸಿಕ್ಕಿದ್ದು ಬಿಡುವಿನ ನಿಮಿಷಗಳು.

ಇದರ ಪರಿಣಾಮ ಅಧ್ಯಯನಗಳಲ್ಲೂ ಕಂಡಿತು. ಎಂಟು ಒಂಬತ್ತು ವರ್ಷದ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಕುರಿತ ಒಂದು ಅಧ್ಯಯನ 2009ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಪತ್ರಿಕೆಯಲ್ಲಿ ಪ್ರಕಟವಾಯಿತು. ಸುಮಾರು ಶೇ. 30ರಷ್ಟು ಮಕ್ಕಳಿಗೆ ಬಿಡುವು ಇರಲಿಲ್ಲ, ಇದ್ದರೂ ತೀರಾ ಕಡಿಮೆ. ಹೀಗೆ ಬಿಡುವು ಕಳೆದುಕೊಂಡವರಲ್ಲಿ ಬಡ ಕುಟುಂಬದ ಮಕ್ಕಳು, ಕಪ್ಪು ಜನಾಂಗದ ಮಕ್ಕಳೇ ಹೆಚ್ಚು. ದಿನಕ್ಕೆ ಕನಿಷ್ಠ ಹದಿನೈದು ನಿಮಿಷ ಆಡಿದ ಮಕ್ಕಳ ನಡವಳಿಕೆ ತರಗತಿಯಲ್ಲಿ ಉತ್ತಮವಾಗಿದೆ ಎಂದು ಶಿಕ್ಷಕರು ಹೇಳಿದ್ದರು. ನಾಲ್ಕು ವರ್ಷಗಳ ನಂತರ, 2013ರ ಜನವರಿಯಲ್ಲಿ, ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ತನ್ನ ನಿಲುವನ್ನು ಬಹಿರಂಗವಾಗಿ ಹೇಳಿತು. ಬಿಡುವು ಮಗುವಿನ ಬೆಳವಣಿಗೆಗೆ ಅಗತ್ಯ, ಶಿಕ್ಷೆಯಾಗಿಯಾಗಲಿ ಹೆಚ್ಚುವರಿ ಪಾಠಕ್ಕಾಗಲಿ ಅದನ್ನು ಕಿತ್ತುಕೊಳ್ಳಬಾರದು ಎಂಬುದು ಅದರ ಸಾರ.

ಸಿಯಾಟಲ್‌ನಲ್ಲಿ ಈ ವಿಷಯ ಬೆಳಕಿಗೆ ಬಂದದ್ದು 2014ರಲ್ಲಿ. ಅಲ್ಲಿನ ಕೆಯುಒಡಬ್ಲ್ಯು ಎಂಬ ಸಾರ್ವಜನಿಕ ರೇಡಿಯೊ ಕೇಂದ್ರ, ನಗರದ ಶಾಲೆಗಳಲ್ಲಿ ಬಿಡುವು ವರ್ಷದಿಂದ ವರ್ಷಕ್ಕೆ ಕರಗುತ್ತಿದೆ ಎಂದು ವರದಿ ಮಾಡಿತು. ಒಂದೇ ಮಂಡಳಿಯ ಶಾಲೆಗಳಲ್ಲಿ ಒಂದೊಂದು ಕಡೆ ಒಂದೊಂದು ಲೆಕ್ಕ. ಬಡ ಮಕ್ಕಳು ಹೆಚ್ಚಿರುವ ಶಾಲೆಗಳಲ್ಲೇ ಆಟದ ಹೊತ್ತು ಕಡಿಮೆ. ಅದೇ ಸುಮಾರಿಗೆ ಪೋಷಕರು ‘ಲಂಚ್ ಅಂಡ್ ರೀಸೆಸ್ ಮ್ಯಾಟರ್ಸ್’ ಎಂಬ ಗುಂಪು ಕಟ್ಟಿಕೊಂಡರು. ಅವರು ಹಿಡಿದದ್ದು ಗಡಿಯಾರದ ಲೆಕ್ಕವನ್ನು. ವೇಳಾಪಟ್ಟಿಯಲ್ಲಿ ಊಟಕ್ಕೆ ಇಷ್ಟು, ಆಟಕ್ಕೆ ಇಷ್ಟು ಎಂದು ಬರೆದಿರಬಹುದು. ಸಾಲಿನಲ್ಲಿ ನಿಲ್ಲುವುದು, ತಟ್ಟೆ ಹಿಡಿಯುವುದು, ಮತ್ತೆ ಸಾಲುಗಟ್ಟಿ ತರಗತಿಗೆ ನಡೆಯುವುದು, ಇಷ್ಟನ್ನು ಕಳೆದರೆ ಮಗುವಿಗೆ ಉಳಿಯುವುದೆಷ್ಟು? ಆಟದ ಆಸೆಗೆ ಅರ್ಧ ಊಟ ಬಿಟ್ಟು ಓಡುವ ಮಕ್ಕಳ ವಿಷಯ ಎಲ್ಲ ತಾಯಂದಿರಿಗೂ ಗೊತ್ತಿರುವುದೇ.

ಮರುವರ್ಷ ಶಿಕ್ಷಕರೂ ಈ ಬೇಡಿಕೆಯನ್ನು ಕೈಗೆತ್ತಿಕೊಂಡರು. 2015ರ ಸೆಪ್ಟೆಂಬರ್ 9ರಂದು, ಶಾಲೆ ಶುರುವಾಗಬೇಕಿದ್ದ ದಿನವೇ, ಸಿಯಾಟಲ್‌ನ ಸುಮಾರು 5,000 ಶಿಕ್ಷಕರು ಮತ್ತು ಸಿಬ್ಬಂದಿ ಮುಷ್ಕರ ಹೂಡಿದರು. ಸುಮಾರು 53,000 ಮಕ್ಕಳಿಗೆ ಶಾಲೆಯಿಲ್ಲ. ಆ ನಗರದಲ್ಲಿ ಮೂವತ್ತು ವರ್ಷಗಳ ನಂತರ ನಡೆದ ಶಿಕ್ಷಕರ ಮುಷ್ಕರ ಅದು. ಸಂಬಳದ ಪ್ರಶ್ನೆ ಇದ್ದೇ ಇತ್ತು. ಅದರ ಜೊತೆಗೆ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೂ ನಿಶ್ಚಿತವಾದ ಆಟದ ಬಿಡುವು ಬೇಕು ಎಂದು ಸಂಘ ಪಟ್ಟು ಹಿಡಿಯಿತು. ಸಾಮಾನ್ಯವಾಗಿ ಶಾಲೆ ಮುಚ್ಚಿದರೆ ಪೋಷಕರು ಶಿಕ್ಷಕರ ಮೇಲೆ ಸಿಟ್ಟಾಗುತ್ತಾರೆ. ಇಲ್ಲಿ ಅನೇಕ ಪೋಷಕರು ‘ಸೂಪ್ ಫಾರ್ ಟೀಚರ್ಸ್’ ಎಂಬ ಗುಂಪು ಕಟ್ಟಿ, ಧರಣಿ ನಿಂತ ಶಿಕ್ಷಕರಿಗೆ ಊಟ ತಿಂಡಿ ತಂದುಕೊಟ್ಟರು. ಒಂದು ವಾರದಲ್ಲಿ ಒಪ್ಪಂದವಾಯಿತು. ಸೆಪ್ಟೆಂಬರ್ 17ರಂದು ಶಾಲೆಗಳು ತೆರೆದವು. ಎಲ್ಲ ಪ್ರಾಥಮಿಕ ಶಾಲೆಗಳಲ್ಲೂ ದಿನಕ್ಕೆ 30 ನಿಮಿಷ ಬಿಡುವು ಎಂಬ ಮಾತು ಒಪ್ಪಂದದ ಕಾಗದದಲ್ಲೇ ಸೇರಿತು.

ಆದರೆ ಅದು ಸಿಯಾಟಲ್ ಮಂಡಳಿಯ ಒಪ್ಪಂದ. ನಗರದ ಗಡಿ ದಾಟಿ ಬೇರೆ ಮಂಡಳಿಗೆ ಹೋದರೆ ಅದು ಅನ್ವಯಿಸುವುದಿಲ್ಲ. ರೋಡ್ ಐಲೆಂಡ್ ರಾಜ್ಯ 2016ರಲ್ಲಿ, ಫ್ಲಾರಿಡಾ 2017ರಲ್ಲಿ ದಿನಕ್ಕೆ 20 ನಿಮಿಷದ ಬಿಡುವನ್ನು ಕಾನೂನು ಮಾಡಿದ್ದವು. ಎರಡೂ ಕಡೆ ಬೆನ್ನುಹತ್ತಿದವರು ಪೋಷಕರು. ಫ್ಲಾರಿಡಾದಲ್ಲಂತೂ ಅವರಿಗೆ ‘ಬಿಡುವಿನ ಅಮ್ಮಂದಿರು’ ಎಂಬ ಹೆಸರೇ ಬಿತ್ತು. ವಾಷಿಂಗ್ಟನ್ ರಾಜ್ಯದಲ್ಲಿ ಕಾನೂನು ಆಗಲು 2023ರವರೆಗೆ ಕಾಯಬೇಕಾಯಿತು. 2024–25ನೇ ಸಾಲಿನಿಂದ ಅಲ್ಲಿನ ಪ್ರತಿಯೊಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ದಿನಕ್ಕೆ ಕನಿಷ್ಠ 30 ನಿಮಿಷ ಬಿಡುವು ಕಡ್ಡಾಯ. ವ್ಯಾಯಾಮದ ಪೀರಿಯಡ್ ಬೇರೆ, ಇದು ಬೇರೆ. ಶಾಲೆ ಶುರುವಾಗುವ ಮುಂಚಿನ ಅಥವಾ ಬಿಟ್ಟ ನಂತರದ ಹೊತ್ತನ್ನು ಇದರಲ್ಲಿ ತೋರಿಸುವಂತಿಲ್ಲ. ಆದಷ್ಟೂ ಹೊರಗೆ ಬಯಲಲ್ಲೇ ಆಡಿಸಬೇಕು, ಆ ಹೊತ್ತಿನಲ್ಲಿ ಕೈಗೆ ಫೋನು ಟ್ಯಾಬ್ಲೆಟ್ ಕೊಡುವುದನ್ನು ತಪ್ಪಿಸಬೇಕು ಎಂದೂ ಕಾನೂನು ಹೇಳುತ್ತದೆ. ಸಿಯಾಟಲ್ ಒಪ್ಪಂದದಿಂದ ಇಲ್ಲಿಗೆ ಬರಲು ಎಂಟು ವರ್ಷ ಹಿಡಿಯಿತು.

ಈ ಇತಿಹಾಸದಲ್ಲಿ ನಮಗೆ ಮುಖ್ಯವೆನಿಸುವುದು ಒಂದು ವಿಷಯ. ಬಿಡುವು ಇನ್ನೊಬ್ಬರ ಮರ್ಜಿಗೆ ಬಿಟ್ಟಿದ್ದಾಗ ಮೊದಲು ಕಳೆದುಕೊಂಡವರು ಕೇಳುವ ಶಕ್ತಿಯಿಲ್ಲದ ಮನೆಯ ಮಕ್ಕಳು. ಎಲ್ಲರಿಗೂ ಒಂದೇ ಲೆಕ್ಕ ಸಿಕ್ಕಿದ್ದು ನಿಮಿಷ ಹಾಕಿ ಬರೆದ ಮೇಲೆ. ಗಲ್ಫ್‌ನಲ್ಲಿ ಸೈಟ್ ಕೆಲಸ ಮಾಡುವವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಯುಎಇಯಲ್ಲಿ ಬೇಸಿಗೆಯ ಮಧ್ಯಾಹ್ನದ ವಿರಾಮ ನಿಯಮವಾದದ್ದು 2005ರಲ್ಲಿ. ಈಗ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಮೀರಿದ ಕಂಪನಿಗೆ ಒಬ್ಬ ಕಾರ್ಮಿಕನಿಗೆ 5,000 ದಿರ್ಹಮ್‌ನಂತೆ ದಂಡ. ಕತಾರ್ 2021ರಲ್ಲಿ ಈ ವಿರಾಮವನ್ನು ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ, ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ ವಿಸ್ತರಿಸಿತು. ಸೌದಿ, ಕುವೈತ್, ಒಮಾನ್, ಬಹರೈನ್‌ಗಳಲ್ಲೂ ಇಂಥ ನಿಯಮಗಳಿವೆ. ನಿಯಮವಿಲ್ಲದ ಕಡೆ ನೆರಳು ಸಿಗುವುದು ಫೋರ್‌ಮನ್ ಒಳ್ಳೆಯವನಾಗಿದ್ದರೆ ಮಾತ್ರ. ಬರವಣಿಗೆಯಲ್ಲಿದ್ದರೆ, ಫೋರ್‌ಮನ್ ಯಾರೇ ಆಗಿರಲಿ, ಕೇಳುವುದಕ್ಕೆ ನಮಗೊಂದು ಆಧಾರವಿರುತ್ತದೆ.

ಇನ್ನು ನಮ್ಮ ಮಕ್ಕಳ ಮಾತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕು ಎನ್ನುತ್ತದೆ. ವರ್ಷಕ್ಕೆ ಒಂದರಿಂದ ಐದನೆಯ ತರಗತಿಗೆ ಕನಿಷ್ಠ 200 ದಿನ, 800 ಗಂಟೆ ಪಾಠ ನಡೆಯಬೇಕು ಎಂದೂ ಅದರಲ್ಲಿದೆ. ಪಾಠಕ್ಕೆ ಗಂಟೆಯ ಲೆಕ್ಕವಿದೆ, ಆಟಕ್ಕೆ ಜಾಗದ ಮಾತಷ್ಟೇ ಇದೆ, ನಿಮಿಷದ ಮಾತಿಲ್ಲ. ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಬಯಲಿಗೇನೂ ಬರವಿಲ್ಲದಿರಬಹುದು. ನಾವು ದಿರ್ಹಮು ರಿಯಾಲು ಕಳಿಸಿ, ಊರಿನವರೆಲ್ಲ ಸೇರಿಸುತ್ತಾರೆಂದು ಮಕ್ಕಳನ್ನು ಸೇರಿಸುವ ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಗಳಲ್ಲಿ ಎಷ್ಟೋ ಕಡೆ ನಾಲ್ಕು ಮಹಡಿಯ ಕಟ್ಟಡವಿದೆ, ಓಡಲು ಅಂಗಳವಿಲ್ಲ. ಇದ್ದ ಆಟದ ಪೀರಿಯಡ್ಡೂ ಪರೀಕ್ಷೆ ಹತ್ತಿರ ಬಂದಂತೆ ಗಣಿತ ಮೇಷ್ಟ್ರ ಪಾಲಾಗುತ್ತದೆ. ಎಸ್ಸೆಸ್ಸೆಲ್ಸಿ ತಲುಪಿದ ಮೇಲಂತೂ ಆ ಪೀರಿಯಡ್ ವೇಳಾಪಟ್ಟಿಯಲ್ಲಿ ಹೆಸರಿಗಷ್ಟೇ. ಕುಟುಂಬವನ್ನು ಇಲ್ಲಿಗೇ ಕರೆತಂದವರ ಕಷ್ಟ ಇನ್ನೊಂದು ಬಗೆಯದು. ವರ್ಷದಲ್ಲಿ ಹಲವು ತಿಂಗಳು ಹಗಲು ಹೊರಗೆ ಆಡುವಂತಿಲ್ಲ, ಮನೆಗೆ ಬಂದರೆ ಫ್ಲಾಟಿನ ನಾಲ್ಕು ಗೋಡೆ. ಶಾಲೆಯೊಳಗೇ ನೆರಳಿನ ಜಾಗ, ಆಟದ ಹೊತ್ತು ಸಿಗದಿದ್ದರೆ ಆ ಮಗು ಆಡುವುದೇ ಇಲ್ಲ.

ಸಿಯಾಟಲ್ ಪೋಷಕರಂತೆ ಮಂಡಳಿಯ ಸಭೆಗೆ ಹೋಗಿ ಮಾತನಾಡುವ ಅನುಕೂಲ ನಮ್ಮಲ್ಲಿ ಹಲವರಿಗೆ ಇಲ್ಲ ನಿಜ. ಆದರೂ ದಾರಿ ಇದೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2001ರಿಂದ ಎಸ್‌ಡಿಎಂಸಿ ಇದೆ. ಅದರಲ್ಲಿ ಕೂರುವವರು ಪೋಷಕರೇ, ನಮ್ಮ ಮನೆಯ ಹೆಣ್ಣುಮಕ್ಕಳೂ ಸದಸ್ಯರಾಗಿರಬಹುದು. ಖಾಸಗಿ ಶಾಲೆಗಳು ಪೋಷಕರ ಸಭೆ ಕರೆಯುತ್ತವೆ. ರಜೆಗೆ ಊರಿಗೆ ಹೋದಾಗ ಮಗುವಿನ ಟೈಮ್‌ಟೇಬಲ್ ಕೈಗೆತ್ತಿಕೊಂಡು ನೋಡಬಹುದು. ವಾರಕ್ಕೆ ಎಷ್ಟು ಆಟದ ಪೀರಿಯಡ್ ಬರೆದಿದೆ, ಕಳೆದ ತಿಂಗಳು ಅದರಲ್ಲಿ ಎಷ್ಟು ನಿಜವಾಗಿ ನಡೆಯಿತು, ಹೋಂವರ್ಕ್ ಮಾಡದ ಮಗುವಿಗೆ ಆಟ ತಪ್ಪಿಸುತ್ತಾರೆಯೇ ಎಂದು ಮೇಷ್ಟ್ರನ್ನೇ ಗೌರವದಿಂದ ಕೇಳಬಹುದು. ಒಬ್ಬರೇ ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಹತ್ತು ಮನೆಯವರು ಸೇರಿ ಬರೆದುಕೊಟ್ಟರೆ ಶಾಲೆ ಉತ್ತರ ಕೊಡಬೇಕಾಗುತ್ತದೆ.

ಅದಕ್ಕೂ ಮುಂಚೆ, ಶುಕ್ರವಾರದ ವಿಡಿಯೊ ಕಾಲ್‌ನಲ್ಲಿ ನಾವೇ ಮಾಡಬಹುದಾದ ಸಣ್ಣ ಬದಲಾವಣೆ ಒಂದಿದೆ. ಎಷ್ಟು ಮಾರ್ಕ್ಸ್ ಬಂತು ಎಂದು ಕೇಳುವುದನ್ನು ನಾವು ಮರೆಯುವುದಿಲ್ಲ. ಈ ವಾರ ಯಾರ ಜೊತೆ, ಏನು ಆಡಿದೆ ಮಗಾ ಎಂದೂ ಕೇಳೋಣ. ಆಡಲು ಬಿಟ್ಟೇ ಇಲ್ಲ ಅಪ್ಪಾ ಎಂಬ ಉತ್ತರ ಬಂದರೆ, ಶಾಲೆಯಲ್ಲಿ ಏನು ಕೇಳಬೇಕೆಂಬುದು ನಮಗೆ ಆಗಲೇ ತಿಳಿಯುತ್ತದೆ.