ಕ್ಯಾಮೆರಾ ಹಿಂದೆ ಕ್ಯಾಂಡಿಡಾ | ಸಿನಿಮಾ ಚರಿತ್ರೆ, ಭಾಗ 6

ಇವತ್ತಿನ ಪೋಸ್ಟ್ ವಯಸ್ಕರ ಸಿನಿಮಾ ಬಗ್ಗೆ. ನಗ್ಬೇಡ್ರೋ, ಇದೂ ಚರಿತ್ರೆನೇ. ನಮ್ ಬಿಕಾಂ ಜನಕ್ಕಂತೂ ಪಕ್ಕಾ ಮಾರ್ಕೆಟಿಂಗ್ ಪಾಠ.

1970ರ ದಶಕದ ಅಮೆರಿಕ. ಈ ಸಿನಿಮಾಗಳು ಥಿಯೇಟರಲ್ಲಿ ಓಡ್ತಿದ್ವು. ಮಾಡೋರು, ನೋಡೋರು ಹೆಚ್ಚುಕಮ್ಮಿ ಎಲ್ಲಾ ಗಂಡಸರೇ. ಕತೆ ಬರೀ ನೆಪಕ್ಕೆ. ಕ್ಯಾಂಡಿಡಾ ರಾಯಲ್ (1950–2015) ಇಂಥ ಸಿನಿಮಾಗಳಲ್ಲೇ ನಟಿಸಿದವರು. ನಟನೆ ಬಿಟ್ಟ ಮೇಲೆ, 1983ರಲ್ಲಿ, ಅದೇ ಉದ್ಯಮದ ಕೆಲವು ಗೆಳತಿಯರ ಜೊತೆ ನ್ಯೂಯಾರ್ಕಲ್ಲಿ ಒಂದು ಗುಂಪು ಕಟ್ಟಿಕೊಂಡ್ರು. ಹೆಸರು ಕ್ಲಬ್ 90. ಏನೋ ದೊಡ್ಡ ಅರ್ಥ ಇದೆ ಅನ್ಕೋಬೇಡಿ, ಅವರು ಸೇರ್ತಿದ್ದ ಲೆಕ್ಸಿಂಗ್ಟನ್ ಅವೆನ್ಯೂ ಕಟ್ಟಡದ ನಂಬರ್ ಅಷ್ಟೇ. ಅಲ್ಲಿ ಕೂತು ಕೆಲಸ, ದುಡ್ಡು, ಅವಮಾನ ಎಲ್ಲಾ ಮಾತಾಡ್ಕೋತಿದ್ರು.

1984ರಲ್ಲಿ ರಾಯಲ್, ಲಾರೆನ್ ನೀಮಿ ಜೊತೆ ಸೇರಿ ಫೆಮ್ ಪ್ರೊಡಕ್ಷನ್ಸ್ ಶುರು ಮಾಡಿದ್ರು.

ಯಾಕೆ ಆಗಲೇ? ವಿಸಿಆರ್! ಮನೆಮನೆಗೆ ಕ್ಯಾಸೆಟ್ ಬಂದಿತ್ತು. ಆ ಥಿಯೇಟರ್ ಕಡೆ ತಲೆನೂ ಹಾಕದ ಹೆಂಗಸು ಈಗ ಸೋಫಾ ಮೇಲೆ ಗಂಡನ ಪಕ್ಕ ಕೂತು ನೋಡಬಹುದಿತ್ತು. ಈ ಹೊಸ ಗಿರಾಕಿ ಉದ್ಯಮದ ಗಂಡಸರ ಕಣ್ಣಿಗೆ ಅಷ್ಟಾಗಿ ಬಿದ್ದಿರಲಿಲ್ಲ, ರಾಯಲ್ ಕಣ್ಣಿಗೆ ಬಿತ್ತು.

ಅವರ ಸಿನಿಮಾಗಳಲ್ಲಿ ಕತೆಗೆ ಟೈಮ್ ಇತ್ತು. ಮಾತು, ಮುತ್ತು, ಸಂಗೀತ, ಮುಗಿದ ಮೇಲಿನ ಅಪ್ಪುಗೆ. ಗಂಡಸಿನ ಸುಖ ತೋರಿಸಿಯೇ ದೃಶ್ಯ ಮುಗಿಸಬೇಕು ಅನ್ನೋ ಕಡ್ಡಾಯ ಶಾಟ್ ತೆಗೆದು ಬಿಸಾಕಿದ್ರು. ನಿಜಜೀವನದ ಜೋಡಿಗಳಿಗೂ ಪಾತ್ರ ಕೊಟ್ರು. ‘ಹೆಣ್ಣು ಡೈರೆಕ್ಟರ್ ಅಲ್ವಾ, ಅದಕ್ಕೇ ಪ್ರೀತಿ ಜಾಸ್ತಿ’ ಅಂತ ಇದನ್ನ ತಳ್ಳಿಹಾಕೋದು ನಂಗಿಷ್ಟ ಇಲ್ಲ. ಇದು ಸ್ವಭಾವ ಅಲ್ಲ, ತೀರ್ಮಾನ. ಏನು ತೋರಿಸಬೇಕು, ಎಲ್ಲಿ ಕಟ್ ಮಾಡಬೇಕು ಅನ್ನೋ ಅಧಿಕಾರ ನಟಿಯಾಗಿದ್ದಾಗ ಅವರ ಕೈಲಿ ಇರಲಿಲ್ಲ. ಕಂಪನಿ ತನ್ನದೇ ಆದಾಗ ಬಂತು.

ಎಲ್ಲರೂ ಚಪ್ಪಾಳೆ ಹೊಡೆದ್ರಾ? ಇಲ್ಲ. ಇಂಥ ಚಿತ್ರಗಳೇ ಹೆಣ್ಣಿನ ಮೇಲಿನ ಹಿಂಸೆ ಅಂತ ಆಂಡ್ರಿಯಾ ಡ್ವೋರ್ಕಿನ್ ಮತ್ತು ಕ್ಯಾಥರಿನ್ ಮೆಕಿನನ್ 1983ರಲ್ಲಿ ಮಿನಿಯಾಪೊಲಿಸ್ ನಗರಕ್ಕೆ ಒಂದು ಕಾನೂನು ಬರೆದುಕೊಟ್ಟಿದ್ರು. ನಗರಸಭೆ ಒಪ್ಪಿತು, ಮೇಯರ್ ತಡೆದ್ರು. ಇವರೂ ಸ್ತ್ರೀವಾದಿಗಳೇ, ರಾಯಲ್ ಕೂಡ ತನ್ನನ್ನ ಸ್ತ್ರೀವಾದಿ ಅಂತಲೇ ಕರ್ಕೊಂಡವರು. ಡ್ವೋರ್ಕಿನ್ ಕೋಪ ನಂಗೆ ಅರ್ಥ ಆಗುತ್ತೆ, ಆ ಉದ್ಯಮದಲ್ಲಿ ನೋವು ತಿಂದವರು ಸುಳ್ಳಲ್ಲ. ಆದರೆ ಬಾಗಿಲು ಮುಚ್ಚಿಸಿದ್ರೆ ಒಳಗಿರೋ ಹೆಂಗಸರ ಗತಿ? ರಾಯಲ್ ಒಳಗೇ ನಿಂತು ಕೆಲಸದ ರೀತಿ ಬದಲಿಸೋಕೆ ನೋಡಿದ್ರು, ನನ್ನ ವೋಟು ಅವರಿಗೇ.

ರಾಯಲ್ ಹುಡುಗಿಯಾಗಿದ್ದಾಗಿಂದ ಡೈರಿ ಬರೀತಿದ್ರು. ಅವನ್ನೆಲ್ಲ ಓದಿ ಇತಿಹಾಸಕಾರ್ತಿ ಜೇನ್ ಕಮೆನ್ಸ್ಕಿ 2024ರಲ್ಲಿ ದಪ್ಪನೆಯ ಜೀವನಚರಿತ್ರೆ ತಂದ್ರು. ಆ ಡೈರಿಗಳು ಈಗ ಹಾರ್ವರ್ಡ್‌ನ ಶ್ಲೆಸಿಂಜರ್ ಲೈಬ್ರರಿಯಲ್ಲಿವೆ. ಡ್ವೋರ್ಕಿನ್ ಕಾಗದಪತ್ರಗಳೂ ಅದೇ ಲೈಬ್ರರಿಯಲ್ಲಿ.